ಡಾಸ್ ವ್ಯವಸ್ಥೆಯೂ ಪರಕೀಯ ಕಡತಕ್ರಮಗಳೂ

ಧಾರವಾಡ ಪ್ರಾಂತವು 1817–18ರಲ್ಲಿ ಪೇಶವೆಯರ ಕೈತಪ್ಪಿ ಆಂಗ್ಲರ ಆಡಳಿತಕ್ಕೊಳಪಟ್ಟಿತು. ಮುಂದೆ ಕಚೇರಿಯ ವ್ಯವಹಾರವು ಕನ್ನಡಕ್ಕೆ ತಿರುಗಿದರೂ, ನವಲಗುಂದವೇ ಮೊದಲಾದ ಈ ಭಾಗದ ಹಳೆಯ ಮರಾಠಿ ದಫ್ತರಗಳು ಮೋಡಿಯಲ್ಲಿಯೇ ಉಳಿದವು. ಮೋಡಿಯನ್ನರಿಯದ ಕಾರಕೂನನಿಗೆ ಅವು ಇದ್ದೂ ಇಲ್ಲದಂತೆಯೇ ಸರಿ. ಬಲ್ಲವನೊಬ್ಬನು ಪಕ್ಕದಲ್ಲಿ ಕುಳಿತು ಓದಿ ಹೇಳಬೇಕು. ಗಣಕಯಂತ್ರದ ಇತಿಹಾಸದಲ್ಲಿಯೂ ಇಂಥದೇ ಒಂದು ಪ್ರಸಂಗವುಂಟು. ಹಳೆಯ ಡಿಸ್ಕುಗಳಲ್ಲಿ ಕನ್ನಡ ಗ್ರಂಥಪಾಠಗಳನ್ನು ಕಾಪಿಟ್ಟಿರುವ ವಿದ್ವಾಂಸರಿಗೆ ಅದರ ಪರಿಚಯವು ಅವಶ್ಯವೆಂದು ತೋರಿದುದರಿಂದ ಇಲ್ಲಿ ನಿರೂಪಿಸಿದೆ.

ಡಿಸ್ಕಿನ ಮೇಲೆ ಯಾವ ಬರಹವು ಎಲ್ಲಿದೆಯೆಂಬ ಲೆಕ್ಕವನ್ನಿಡುವ ಕ್ರಮಕ್ಕೆ ಕಡತವ್ಯವಸ್ಥೆಯೆಂದು ಹೆಸರು. 1981ರಲ್ಲಿ ಹೊರಬಂದ ಮೈಕ್ರೋಸಾಫ್ಟ್ ಡಾಸ್ ಬಲ್ಲುದು ‘ಫ್ಯಾಟ್’ ಎಂಬ ಒಂದೇ ಕ್ರಮವನ್ನು. ಅದರಲ್ಲಿ ಕಡತದ ಹೆಸರಿಗೆ ಎಂಟು ಚಿಹ್ನೆಗಳು, ಅದರ ಬಾಲಕ್ಕೆ ಮೂರು, ಅದರಾಚೆಗೆ ಎಡೆಯಿಲ್ಲ. ಡಾಸ್‌ನ ಮೂರನೆಯ ಆವೃತ್ತಿಯ ಆರಂಭದಲ್ಲಿ ಒಂದು ವಿಭಾಗದ ಮೇರೆ 32 ಮೆಗಾಬೈಟ್ ಆಗಿದ್ದಿತು. ಅಂಥ ಕಾಲದಲ್ಲಿ 600 ಮೆಗಾಬೈಟಿಗೂ ಮಿಗಿಲಾದ ಸಿ.ಡಿ. ತಟ್ಟೆಯು ಬಂದಿತು. ಅದರ ಖಾನೆ 512 ಬೈಟಿನದಲ್ಲ, 2048ರದು. ಫ್ಯಾಟಿನ ಸುಳಿವೇ ಅಲ್ಲಿಲ್ಲ. ಅದಕ್ಕೊಂದು ಸಮಾನಕ್ರಮವನ್ನು ಗೊತ್ತುಪಡಿಸಲು ತಯಾರಕರು 1985ರಲ್ಲಿ ಅಮೆರಿಕೆಯ ಟಾಹೋ ಸರೋವರದ ಬಳಿಯ ಹೈ ಸಿಯೆರಾ ಹೋಟೆಲಿನಲ್ಲಿ ಸೇರಿದರು. ಅದೇ ಪರಿಷ್ಕೃತವಾಗಿ 1988ರಲ್ಲಿ ಐ.ಎಸ್.ಒ. 9660 ಎನಿಸಿತು.

ಡಾಸ್ ಇದನ್ನು ಓದಿದ ಬಗೆಯೇ ಕುತೂಹಲಕರವಾದುದು. ಅದರ ತಿರುಳನ್ನು ತಿದ್ದಿ ಬರೆಯಲಿಲ್ಲ. 3.1ನೆಯ ಆವೃತ್ತಿಯಲ್ಲಿ ದೂರದ ಯಂತ್ರಗಳಲ್ಲಿರುವ ಕಡತಗಳಿಗಾಗಿ ಒಂದು ಬಾಗಿಲನ್ನು ತೆರೆದಿದ್ದರು: ಅಂಥ ಕಡತವನ್ನು ಕೇಳಿದಾಗ ಡಾಸ್ ತಾನಾಗಿ ಫ್ಯಾಟನ್ನು ನೋಡದೆ, ಬೇಡಿಕೆಯನ್ನು ಬೇರೊಂದು ಸಹಾಯಕ ಕ್ರಮವಿಧಿಗೆ ಒಪ್ಪಿಸುವುದು. ‘ಎಂ.ಎಸ್.ಸಿ.ಡಿ.ಇ.ಎಕ್ಸ್.’ ಎಂಬ ವಿಧಿಯು ಈ ಬಾಗಿಲಲ್ಲಿಯೇ ನುಸುಳಿ, ಮೇಜಿನ ಮೇಲಿದ್ದ ತಟ್ಟೆಯನ್ನು ದೂರದ ಯಂತ್ರದ್ದೆಂದು ಡಾಸ್‌ಗೆ ನಂಬಿಸಿತು. ಸುಳ್ಳೇನೋ ಸುಳ್ಳೇ, ಆದರೆ ಇದಕ್ಕಿಂತ ಉಪಕಾರಕವಾದ ಸುಳ್ಳನ್ನು ನಾನು ಗಣಕಶಾಸ್ತ್ರದಲ್ಲಿ ಕಾಣೆ. ಅತಿಥಿಯೂ ತುಸು ಬಾಗಿದನೆನ್ನಬೇಕು: 9660ರ ಮೊದಲನೆಯ ದರ್ಜೆಯಲ್ಲಿ ಹೆಸರುಗಳಿಗೆ ಡಾಸ್‌ನ ಎಂಟು–ಮೂರರ ಅಳತೆಯನ್ನೇ ಇಟ್ಟುಕೊಂಡಿದ್ದಾರೆ.

1993ರಲ್ಲಿ ವಿಂಡೋಸ್ ಎನ್.ಟಿ.ಯೊಡನೆ ಬಂದ ಎನ್.ಟಿ.ಎಫ್.ಎಸ್. ಕ್ರಮವನ್ನು ಡಾಸ್‌ಗೆ ಓದಿಸಿದವರು ಮಾರ್ಕ್ ರುಸಿನೋವಿಚ್, ಬ್ರೈಸ್ ಕಾಗ್ಸ್‌ವೆಲ್ ಎಂಬಿಬ್ಬರು. ಅವರು 1996ರಲ್ಲಿ ಹೊರತಂದ ಸಾಧನವು ಓದುತ್ತಿತ್ತೇ ಹೊರತು ಬರೆಯುತ್ತಿರಲಿಲ್ಲ. ಓದುವುದಕ್ಕೆ ಲೆಕ್ಕವನ್ನು ತಿಳಿದರೆ ಸಾಕು. ಬರೆಯುವುದಕ್ಕೆ ಆ ಲೆಕ್ಕವನ್ನೇ ತಿದ್ದಬೇಕು, ಅಲ್ಲಿ ಒಂದು ಕಡೆ ತಪ್ಪಿದರೂ ಉಳಿದುದಕ್ಕೆ ಅಪಾಯ.

ಕನ್ನಡಕ್ಕೆ ತಟ್ಟುವ ತೊಡಕು ಹೆಸರಿನದು. ಕನ್ನಡ ಲಿಪಿಗೆ 1991ರ ಯೂನಿಕೋಡಿನಲ್ಲಿ ಸ್ಥಾನ ದೊರೆಯಿತು. ವಿಂಡೋಸ್ 95 ಫ್ಯಾಟಿನಲ್ಲಿಯೇ 255 ಚಿಹ್ನೆಗಳವರೆಗಿನ ದೀರ್ಘನಾಮಗಳನ್ನು ಹೆಚ್ಚಿನ ನಮೂದುಗಳಲ್ಲಿ ಅಡಗಿಸಿಡುವ ಉಪಾಯವನ್ನು ತಂದಿತು. ಹಳೆಯ ಡಾಸ್ ಆ ನಮೂದುಗಳನ್ನು ಗಣಿಸುವುದೇ ಇಲ್ಲ. ‘ಅಣ್ಣಿಗೇರಿಯ ಶಾಸನಗಳು’ ಎಂದು ಕನ್ನಡದಲ್ಲಿ ಹೆಸರಿಟ್ಟ ಕಡತವನ್ನು ಅದರಿಂದ ಪ್ರತಿಮಾಡಿದರೆ, ಒಳಗಿನ ಪಾಠವು ಒಂದಕ್ಷರವೂ ಕೆಡದೆ ಬರುತ್ತದೆ; ಹೆಸರಿನ ಬದಲು ಎಂಟು–ಮೂರರ ಒಂದು ಅಡ್ಡಹೆಸರು ಮಾತ್ರ ಉಳಿಯುತ್ತದೆ. ನೂರಾರು ಕಡತಗಳಲ್ಲಿ ಹೀಗಾದರೆ ಕಟ್ಟುಹರಿದ ಓಲೆಗರಿಗಳ ಗತಿಯೇ. ಆದಕಾರಣ ಪ್ರತಿಮಾಡುವುದಕ್ಕೆ ಮೊದಲು, ದೀರ್ಘನಾಮಗಳನ್ನೂ ಅಡ್ಡಹೆಸರುಗಳನ್ನೂ ಎದುರುಬದುರಾಗಿ ತೋರಿಸುವ ಪಟ್ಟಿಯೊಂದನ್ನು ಹೊಸ ವ್ಯವಸ್ಥೆಯಲ್ಲಿ ತೆಗೆದು, ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳಬೇಕು.