ಮಂದ್ರದ ಲೆಕ್ಕ: ಬಾಸ್ ಮ್ಯಾನೇಜ್‌ಮೆಂಟಿನ ಇತಿಹಾಸ ಮತ್ತು ತೆಂಗಿನ ಸೀಮೆಯ ಚರ್ಮವಾದ್ಯಗಳು

ಬಹುಚಾನೆಲ್ ಧ್ವನಿಯ ಚರ್ಚೆಗಳಲ್ಲಿ ಬಾಸ್ ಮ್ಯಾನೇಜ್‌ಮೆಂಟನ್ನೂ 5.1ರ ಕೊನೆಯ ‘.1’ ಚಾನೆಲನ್ನೂ ಒಂದೇ ಎಂದು ತಿಳಿಯುವುದು ರೂಢಿಯಾಗಿದೆ. ಎರಡೂ ಕೊನೆಗೆ ಸಬ್‌ವೂಫರಿನಿಂದಲೇ ಹೊರಬರುವುದರಿಂದ ಈ ಗೊಂದಲ ಸಹಜ. ಆದರೆ ಎರಡರ ಹುಟ್ಟೂ ಬೇರೆ, ಕೆಲಸವೂ ಬೇರೆ. ‘.1’ ಎಂಬುದು ಸಿನಿಮಾದವರು ಇನ್ನಷ್ಟು ಗುಡುಗು ಬೇಕೆಂದು ಪಡೆದ ಹೆಚ್ಚುವರಿ ಜಾಗ. ಬಾಸ್ ಮ್ಯಾನೇಜ್‌ಮೆಂಟ್, ಸಣ್ಣ ಸ್ಪೀಕರುಗಳು ನುಡಿಸಲಾರದ ಮಂದ್ರ ಕಳೆದುಹೋಗದಂತೆ ನೋಡಿಕೊಳ್ಳುವ ಲೆಕ್ಕಪತ್ರ. ಈ ಭೇದ ಮರೆತಾಗ ಮೊದಲು ನಷ್ಟವಾಗುವುದು ಚರ್ಮವಾದ್ಯಗಳಿಗೆ. ಆದ್ದರಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಸೋಮನ ಕುಣಿತದ ಅರೆ ಎಂಬ ಚರ್ಮವಾದ್ಯವನ್ನೂ ಡೊಳ್ಳನ್ನೂ ಒರೆಗಲ್ಲಾಗಿ ಇಟ್ಟುಕೊಂಡು ಈ ಇತಿಹಾಸವನ್ನು ಮತ್ತೆ ಓದಬೇಕಾಗಿದೆ.

ಮೊದಲು ‘.1’ರ ಕಥೆ. 1974ರ ‘ಅರ್ತ್‌ಕ್ವೇಕ್’ ಚಿತ್ರಕ್ಕೆ ಯೂನಿವರ್ಸಲ್ ಸಂಸ್ಥೆ ‘ಸೆನ್‌ಸರೌಂಡ್’ ಎಂಬ ಏರ್ಪಾಡು ಮಾಡಿ, ದೊಡ್ಡ ಮಂದ್ರ ಸ್ಪೀಕರುಗಳಿಂದ ಚಿತ್ರಮಂದಿರವನ್ನೇ ನಡುಗಿಸಿತು. 1977ರ ‘ಸ್ಟಾರ್ ವಾರ್ಸ್’ನ 70 ಮಿ.ಮೀ. ಪ್ರತಿಗಳಲ್ಲಿ ಪರದೆಯ ಹಿಂದಿನ ಐದು ಚಾನೆಲುಗಳ ಪೈಕಿ ಎರಡನ್ನು ಮಂದ್ರಕ್ಕೆಂದೇ ಬಿಟ್ಟುಕೊಟ್ಟರು. 1987ರಲ್ಲಿ ಅಮೆರಿಕದ ಸಿನಿಮಾ ಎಂಜಿನಿಯರುಗಳ ಸಮಿತಿಯಲ್ಲಿ ಟಾಮ್ಲಿನ್‌ಸನ್ ಹೋಲ್ಮನ್ 5.1 ಎಂಬ ಹೆಸರನ್ನು ಸೂಚಿಸಿದರು. 1992ರ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ನಿಂದ ಡಾಲ್ಬಿ ಡಿಜಿಟಲ್ ಅದನ್ನು ಚಿತ್ರಮಂದಿರಗಳಿಗೆ ತಂದಿತು. 120 ಹರ್ಟ್ಸ್‌ವರೆಗೆ ಮಾತ್ರ ಹೋಗುವ ಚಾನೆಲು ಪೂರ್ಣ ಚಾನೆಲಿನ ಹತ್ತರಲ್ಲಿ ಒಂದು ಪಾಲೂ ಅಲ್ಲ, ‘.1’ ಬರೀ ಗುರುತು. ಮಂದ್ರಕ್ಕೆ ನಮ್ಮ ಕಿವಿ ಮಂದವಾದ್ದರಿಂದ ಆ ಚಾನೆಲಿಗೆ ಉಳಿದವುಗಳಿಗಿಂತ 10 ಡೆಸಿಬೆಲ್ ಹೆಚ್ಚು ಬಲ ಕೊಡಬೇಕೆಂದು ಗೊತ್ತುಮಾಡಿದರು. ಈ ಹತ್ತರ ಅಂಕಿಯೇ ಮುಂದೆ ತೊಡಕಿನ ಮೂಲವಾಯಿತು.

ಬಾಸ್ ಮ್ಯಾನೇಜ್‌ಮೆಂಟ್ ಬೆಳೆದದ್ದು ಮನೆಯಲ್ಲಿ. ನಡುಮನೆಯಲ್ಲಿ ಐದು ದೊಡ್ಡ ಪೆಟ್ಟಿಗೆಗಳನ್ನು ಇಡಲು ಯಾರಿಗೂ ಜಾಗವಿರಲಿಲ್ಲ. 1990ರಲ್ಲಿ ಬಂದ ಹೋಮ್ ಟಿಎಚ್‌ಎಕ್ಸ್ ಪದ್ಧತಿ 80 ಹರ್ಟ್ಸ್ ಎಂಬ ಗಡಿ ಹಾಕಿತು: ಅದರ ಮೇಲಿನದು ಸಣ್ಣ ಸ್ಪೀಕರುಗಳಿಗೆ, ಕೆಳಗಿನದೆಲ್ಲ ಸಬ್‌ವೂಫರಿಗೆ. ಇದರ ಹಿಂದೆ ಕಿವಿಯ ಸ್ವಭಾವವಿದೆ. 80 ಹರ್ಟ್ಸ್ ಅಲೆಯ ಉದ್ದ ಸುಮಾರು 4.3 ಮೀಟರ್, ನಮ್ಮ ಎರಡು ಕಿವಿಗಳ ನಡುವೆ ಗೇಣಿನಷ್ಟೂ ಅಂತರವಿಲ್ಲ. ಹಾಗಾಗಿ ಕೋಣೆಯೊಳಗೆ ಅಂಥ ಸದ್ದು ಎಲ್ಲಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲ. ಅರೆಯನ್ನು ಕೇಳುವಾಗ ಅದು ಯಾವ ಕಡೆಗಿದೆ ಎಂದು ಹೇಳುವುದು ಚರ್ಮಕ್ಕೆ ಬಿದ್ದ ಕೋಲಿನ ಏಟು. ಒಡಲಿನಿಂದ ಏಳುವ ಗುಮ್ಮೆನ್ನುವ ನಾದ ಆ ಏಟಿಗೆ ಅಂಟಿಕೊಂಡೇ ಕೇಳಿಸುತ್ತದೆ. ಏಟನ್ನು ಎಡ ಸ್ಪೀಕರಿಗೂ ಒಡಲ ನಾದವನ್ನು ಸಬ್‌ವೂಫರಿಗೂ ಹಂಚಿದರೂ ವಾದ್ಯ ಎಡದಲ್ಲೇ ನಿಲ್ಲುತ್ತದೆ. ಒಂದೇ ಷರತ್ತು: ಎರಡೂ ಒಂದೇ ಗಳಿಗೆಗೆ ಕಿವಿ ಮುಟ್ಟಬೇಕು, ಗಡಿಯ ಸುತ್ತ ಒಂದನ್ನೊಂದು ಅಳಿಸಿಹಾಕಬಾರದು. ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ, ರೈಲಿಯ ಹೆಸರನ್ನೂ ಹೊತ್ತ ಫಿಲ್ಟರಿನ ವಿನ್ಯಾಸ ಇಂದಿಗೂ ಬಳಕೆಯಲ್ಲಿರುವುದು ಈ ಕಾರಣಕ್ಕೇ.

ಈಗ ತೊಡಕಿನ ಜಾಗಕ್ಕೆ ಬರೋಣ. ಸಬ್‌ವೂಫರಿಗೆ ಎರಡು ದಾರಿಯಿಂದ ಸದ್ದು ಬರುತ್ತದೆ: ‘.1’ ಚಾನೆಲಿನದು ಒಂದು, ಮುಖ್ಯ ಚಾನೆಲುಗಳಿಂದ ಇಳಿದುಬಂದ ಮಂದ್ರ ಇನ್ನೊಂದು. 10 ಡೆಸಿಬೆಲ್ ಹೆಚ್ಚುವರಿ ಸಲ್ಲಬೇಕಾದದ್ದು ಮೊದಲನೆಯದಕ್ಕೆ ಮಾತ್ರ, ಅದೂ ಎರಡೂ ಕೂಡುವ ಮುನ್ನ. ಹಾಗೆ ಮಾಡದೆ ಸಬ್‌ವೂಫರಿನ ಗುಂಡಿಯನ್ನೇ 10 ಡೆಸಿಬೆಲ್ ಏರಿಸಿದರೆ, ಸ್ಟುಡಿಯೋದಲ್ಲಿ ಡೊಳ್ಳಿನ ಅಂಗೈ ಬಡಿತ ನಿಜಕ್ಕೂ ಇರುವುದಕ್ಕಿಂತ ಎಷ್ಟೋ ದಪ್ಪವಾಗಿ ಕೇಳುತ್ತದೆ. ಮಿಶ್ರಣಕ್ಕೆ ಕೂತವರು ಮಂದ್ರ ಜಾಸ್ತಿಯಾಯಿತೆಂದು ಡೊಳ್ಳನ್ನೇ ತಗ್ಗಿಸುತ್ತಾರೆ. ಆ ಮಿಶ್ರಣ ಬೇರೆ ಕಡೆ ನುಡಿದಾಗ ಡೊಳ್ಳು ತಗಡಿನ ಡಬ್ಬಿಯಾಗಿರುತ್ತದೆ. ಇದಕ್ಕಿಂತ ದೊಡ್ಡ ಹಾನಿ, ಅರೆಯ ಗುಮ್ಮನ್ನು ಪೂರ್ತಿಯಾಗಿ ‘.1’ ಚಾನೆಲಿಗೆ ಹಾಕುವುದು. ಡಾಲ್ಬಿ ಡಿಜಿಟಲ್‌ನಲ್ಲಿ 5.1 ಅನ್ನು ಎರಡು ಚಾನೆಲಿಗೆ ಇಳಿಸುವಾಗ ‘.1’ ಅನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತದೆ. ಮನೆಯಲ್ಲಿ ಟಿವಿಯ ಮುಂದೆ ಕೂತು ಕೇಳುವವರಿಗೆ ಆಗ ಸೋಮನ ಕುಣಿತದ ನಡೆಯನ್ನು ಹೊತ್ತ ನಾದವೇ ಇರುವುದಿಲ್ಲ. ಹಿಂದೆ ಜಾತ್ರೆಯ ಹಾರ್ನ್ ಸ್ಪೀಕರುಗಳು ಮಂದ್ರವನ್ನು ಬಿಟ್ಟು ಮೊಳಗಿದ್ದು ಹಾರ್ನಿನ ಗಾತ್ರದ ಮಿತಿಯಿಂದ. ಟೂರಿಂಗ್ ಟಾಕೀಸಿನ ಸದ್ದು ಸೊರಗಿದ್ದು ಒಂಟಿ ಸ್ಪೀಕರಿನಿಂದ. ಈಗ ಆಗುವ ನಷ್ಟಕ್ಕೆ ಯಂತ್ರದ ಮಿತಿ ಕಾರಣವಲ್ಲ, ತಿಳಿವಳಿಕೆಯ ಕೊರತೆ.

ಎಲ್ಲ ಸ್ಪೀಕರುಗಳೂ ಪೂರ್ಣ ಶಕ್ತಿಯವಾಗಿದ್ದರೆ ಈ ಗೊಡವೆಯೇ ಬೇಡ ಎಂಬ ವಾದವಿದೆ. ದೊಡ್ಡ ಸ್ಟುಡಿಯೋಗಳ ಮಟ್ಟಿಗೆ ಅದಕ್ಕೆ ಬೆಲೆಯೂ ಇದೆ. ಆದರೆ ಕನ್ನಡದ ಧ್ವನಿಮುದ್ರಣ ಸಾಗಿಬಂದ ದಾರಿ ನೋಡಿ: ಬಹುಕಾಲ ಮದರಾಸನ್ನು ನೆಚ್ಚಿಕೊಂಡಿತ್ತು, 1980ರ ದಶಕದಲ್ಲಿ ಶಂಕರ್ ನಾಗ್ ಕಟ್ಟಿದ ಸಂಕೇತ್ ಸ್ಟುಡಿಯೋ ಅದನ್ನು ಬೆಂಗಳೂರಿಗೆ ಹತ್ತಿರ ಮಾಡಿತು, ಇಂದು ಮನೆಯ ಒಂದು ಕೋಣೆಯಲ್ಲೇ ಕೆಲಸ ನಡೆಯುತ್ತದೆ. ಡಾಲ್ಬಿ ಅಟ್ಮಾಸ್‌ನ 7.1.4 ಜೋಡಣೆಗೆ ಸಬ್‌ವೂಫರೂ ಸೇರಿ 12 ಸ್ಪೀಕರು ಬೇಕು. ಅಂಥ ಕೋಣೆಯಲ್ಲಿ ಸೂರಿಗೆ ತೂಗುಹಾಕುವ ನಾಲ್ಕು ದೊಡ್ಡವಾಗಿರುವುದು ಕಷ್ಟ. ಅಲ್ಲದೆ ದಿಕ್ಕು ಸ್ಪಷ್ಟವಾಗಿ ತೋರಲು ಸ್ಪೀಕರು ಇರಬೇಕಾದ ಜಾಗವೂ ಮಂದ್ರ ಸಮವಾಗಿ ಹರಡುವ ಜಾಗವೂ ಕೋಣೆಯಲ್ಲಿ ಒಂದೇ ಆಗಿರುವುದು ಅಪರೂಪ.

ಗೋಡೆಗೆ ನಾರಿನ ಹಲಗೆ ಹೊಡೆದರೆ ಕೋಣೆ ಸರಿಹೋಗುತ್ತದೆ ಎನ್ನುವುದು ತೆಂಗಿನ ಸೀಮೆಯಲ್ಲಿ ಏಳಬಹುದಾದ ಸಹಜ ಆಕ್ಷೇಪ. ತೆಂಗಿನ ನಾರು ಸದ್ದು ಹೀರುವುದು ನಿಜ. ಮಲೇಷ್ಯಾದ ಸಂಶೋಧಕರು ಅದನ್ನು ಅಳೆದು ತೋರಿಸಿದ್ದಾರೆ. ಆದರೆ ಇಂಥ ವಸ್ತು ಚೆನ್ನಾಗಿ ಕೆಲಸ ಮಾಡುವುದು ಗೋಡೆಯಿಂದ ಅಲೆಯ ಕಾಲು ಭಾಗ ದೂರದಲ್ಲಿ. 40 ಹರ್ಟ್ಸ್‌ಗೆ ಅದು 2 ಮೀಟರಿಗೂ ಹೆಚ್ಚು. ಎರಡಿಂಚಿನ ಹಲಗೆ ತಾರದ ಸದ್ದನ್ನು ಹೀರಿ ಮಂದ್ರವನ್ನು ಹಾಗೇ ಬಿಡುತ್ತದೆ, ಗುಮ್ಮು ಮತ್ತಷ್ಟು ಎದ್ದು ಕೇಳಿಸುತ್ತದೆ.

ಕಿವಿಯೇ ಸಾಕು, ಅಳತೆ ಯಾಕೆ ಎಂಬ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಅಲ್ಲಾಡಿಸಿ, ಒಳಗೆ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳುವ ಸೀಮೆ ಇದು. ಆ ಕಾಯಿಯ ಸದ್ದು ಅಟ್ಟದ ಮೇಲೂ ಜಗಲಿಯಲ್ಲೂ ಒಂದೇ. ಮಂದ್ರ ಹಾಗಲ್ಲ. 14 ಅಡಿ ಉದ್ದದ ಕೋಣೆಯಲ್ಲಿ 40 ಹರ್ಟ್ಸ್ ಸದ್ದು ಎರಡು ತುದಿಯ ಗೋಡೆಗಳ ಬಳಿ ಉಬ್ಬಿ, ನಟ್ಟನಡುವೆ ಹೆಚ್ಚುಕಡಿಮೆ ಮಾಯವಾಗುತ್ತದೆ. ನಡುವೆ ಕೂತವರ ಕಿವಿ ಎಷ್ಟೇ ಪಳಗಿದ್ದರೂ ಅಲ್ಲಿ ಇಲ್ಲದ ನಾದವನ್ನು ಕೇಳಲಾರದು. ಆದ್ದರಿಂದ ಕುರ್ಚಿಯನ್ನು ನಡುವಿನಿಂದ ಸರಿಸಿ, ಸಬ್‌ವೂಫರಿನ ಜಾಗವನ್ನು ಅಳತೆಯ ಮೈಕಿನಿಂದ ಹುಡುಕಿ, ಮುಖ್ಯ ಸ್ಪೀಕರುಗಳೊಡನೆ ಅದರ ಗಳಿಗೆಯನ್ನು ಹೊಂದಿಸಿ, ಮಟ್ಟವನ್ನು ಕೊನೆಗೆ ನಿಲ್ಲಿಸಬೇಕು. ಬಯಲಿನಲ್ಲಿ, ಗೋಡೆಯೇ ಇಲ್ಲದ ಕಡೆ ಬೆಳೆದ ಅರೆಯನ್ನು ಕೋಣೆಗೆ ತಂದಾಗ ಅದರ ಮಂದ್ರ ಇರಬೇಕಾದ ಜಾಗ ಮುಖ್ಯ ಚಾನೆಲು. ಅಲ್ಲಿಂದ ಸಬ್‌ವೂಫರಿಗೆ ಇಳಿಸುವ ಕೆಲಸ ಬಾಸ್ ಮ್ಯಾನೇಜ್‌ಮೆಂಟಿನದು.