ವಂಶವಾಹಿಯ ವಾಹನ

ಕ್ರಿ.ಶ. 1796ನೆಯ ಇಸವಿಯಲ್ಲಿ ಮೈಸೂರಿನ ದೊರೆಗಳಾದ ಖಾಸಾ ಚಾಮರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಸಿಡುಬಿನಿಂದ ಕಾಲವಾದರು. ಅದೇ ವರುಷದ ಮೇ 14ರಂದು ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರನು ಗೋಸಿಡುಬಿನ ರಸವನ್ನು ಬಾಲಕನೊಬ್ಬನ ತೋಳಿಗೆ ಹಾಕಿದನು. ಮದ್ದೇನೋ ಹುಟ್ಟಿತು, ಅದನ್ನು ಕಾವೇರೀತೀರಕ್ಕೆ ತರಬಲ್ಲ ವಾಹನವು ಮಾತ್ರ ಇರಲಿಲ್ಲ.

ಒಣಗಿಸಿದ ರಸವು ದೂರಪ್ರಯಾಣದ ಬಿಸಿಲಿಗೆ ಕೆಡುತ್ತಿದ್ದುದರಿಂದ ಮನುಷ್ಯರ ತೋಳೇ ವಾಹಕವಾಯಿತು. ಒಬ್ಬರ ಬೊಕ್ಕೆಯಿಂದ ಮತ್ತೊಬ್ಬರಿಗೆ ದಾಟುತ್ತ, ಬಾಗ್ದಾದು ಬಸ್ರಾಗಳ ಮಾರ್ಗವಾಗಿ ಅದು 1802ರ ಜೂನ್ ತಿಂಗಳಲ್ಲಿ ಮುಂಬಯಿಯನ್ನು ಸೇರಿತು. ಅಲ್ಲಿ ಅದನ್ನು ಮೊದಲು ಪಡೆದುದು ಮೂರು ವರುಷದ ಒಂದು ಹೆಣ್ಣುಕೂಸು. 1805ರ ಸುಮಾರಿನಲ್ಲಿ ಥಾಮಸ್ ಹಿಕ್ಕಿಯು ಚಿತ್ರಿಸಿದ ಮೈಸೂರು ರಾಣಿಯರ ಪಟದಲ್ಲಿ ಒಬ್ಬಾಕೆಯು ಸೆರಗನ್ನು ಸರಿಸಿ ತೋರುತ್ತಿರುವುದು ದಾಕು ಹಾಕಿಸಿಕೊಂಡ ತೋಳನ್ನೆಂದು ಇತಿಹಾಸಜ್ಞ ನೈಜಲ್ ಚಾನ್ಸೆಲರರು ಪ್ರತಿಪಾದಿಸಿರುವರು. ಆದರೆ ತೋಳಿನಿಂದ ತೋಳಿಗೆ ಮದ್ದಿನೊಡನೆ ಪರರೋಗವೂ ದಾಟಬಹುದಾಗಿತ್ತು. ಸಜೀವ ವಾಹಕವು ತಾನು ಹೊತ್ತುದನ್ನಲ್ಲದೆ ತನ್ನಲ್ಲಿರುವುದನ್ನೂ ಕೊಡುವುದು; ಅದರ ಸಹಜದೋಷವೇ ಇದು.

ಇದೇ ದೋಷವು ಎರಡು ಶತಮಾನಗಳ ತರುವಾಯ ವಂಶವಾಹಿ ಚಿಕಿತ್ಸೆಯಲ್ಲಿ ಮರುಕಳಿಸಿತು. ವಂಶದ ಗುಣವನ್ನು ವಹಿಸುವುದರಿಂದ ವಂಶವಾಹಿಯೆಂದು ಹೆಸರು. ಆ ವಾಹಿಗೇ ಜೀವಕೋಶದೊಳಗೆ ಹೋಗಲು ವಾಹನವು ಬೇಕು. ವೈದ್ಯರು ಮೊದಲು ನೆಚ್ಚಿದುದು ಪಳಗಿಸಿದ ವೈರಸ್ಸುಗಳನ್ನು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಯಕೃತ್ತಿನ ಕಿಣ್ವದೋಷದಿಂದ ರಕ್ತದಲ್ಲಿ ಅಮೋನಿಯಾ ಏರುವ ವ್ಯಾಧಿಯಿದ್ದ 18 ವರುಷದ ತರುಣನೊಬ್ಬನು ಇಂತಹ ಪ್ರಯೋಗದಲ್ಲಿ ಮೃತನಾದನು. ಅವನನ್ನು ಕೊಂದುದು ವ್ಯಾಧಿಯಲ್ಲ. ವಾಹಕವಾದ ಅಡಿನೋವೈರಸ್ಸಿನ ವಿರುದ್ಧ ದೇಹವೇ ಹೂಡಿದ ಉಗ್ರಪ್ರತಿಭಟನೆ.

ನಿರ್ಜೀವ ವಾಹಕದ ಮಾರ್ಗವು ಅದಕ್ಕೆ ಮುಂಚೆಯೇ ತೆರೆದಿತ್ತು. ಡಿ.ಎನ್.ಎ. ಋಣವಿದ್ಯುದಂಶವುಳ್ಳದ್ದು, ಧನವಿದ್ಯುದಂಶದ ಕೊಬ್ಬಿನ ಅಣುಗಳು ಅದನ್ನು ಸುತ್ತಿ ಮುದ್ದೆಗಟ್ಟಿ ಕೋಶದೊಳಕ್ಕೆ ಒಯ್ಯುವುವೆಂದು 1987ರಲ್ಲಿ ಫಿಲಿಪ್ ಫೆಲ್ಗ್ನರ್ ಮತ್ತು ಸಂಗಡಿಗರು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಂತನು ಭಟ್ಟಾಚಾರ್ಯರ ಬಳಗವು ಕೊಲೆಸ್ಟರಾಲನ್ನು ಆಧರಿಸಿದ ಇಂತಹ ಅಣುಗಳನ್ನೂ ಅವಳಿ ಅಣುಗಳನ್ನೂ ರಚಿಸಿ ಪರೀಕ್ಷಿಸಿತು. ಈ ವಾಹಕಗಳಿಗೂ ಕೊರತೆಯುಂಟು: ಹೊತ್ತ ಸರಕಿನ ಬಹುಭಾಗವು ಕೋಶದೊಳಗಿನ ಚೀಲಗಳಲ್ಲಿಯೇ ನಾಶವಾಗುವುದು, ರಕ್ತಕ್ಕೆ ಸೇರಿಸಿದ ಕೊಬ್ಬಿನ ಕಣಗಳು ಹೆಚ್ಚಾಗಿ ಯಕೃತ್ತನ್ನೇ ಸೇರುವುವು.

ಆದರೂ 2025ರಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ, ಅದೇ ವರ್ಗದ ವ್ಯಾಧಿಯಿದ್ದ ಹಸುಗೂಸಿಗೆ, ವಂಶವಾಹಿಯ ತಪ್ಪನ್ನು ತಿದ್ದುವ ಸಾಮಗ್ರಿಯನ್ನು ಕೊಬ್ಬಿನ ಕಣಗಳಲ್ಲಿಟ್ಟು ಮೂರು ಬಾರಿ ಕೊಡಲಾಯಿತು, ಕೂಸು ಚೇತರಿಸಿಕೊಂಡಿತು. ವೈರಸ್ಸನ್ನು ದೇಹವು ನೆನಪಿಟ್ಟುಕೊಂಡು ಎರಡನೆಯ ಸಲ ತಡೆಯುವುದು. ಕೃತಕ ಕಣಕ್ಕೆ ಆ ತಡೆಯು ಅಷ್ಟಾಗಿಲ್ಲ.

ಶ್ರೀರಂಗಪಟ್ಟಣದ ಅರಮನೆಯಿಂದ ಈ ತೊಟ್ಟಿಲವರೆಗಿನ ಚರಿತ್ರೆಯಲ್ಲಿ ಮದ್ದಿನ ಶೋಧದಷ್ಟೇ ಸ್ಥಾನವು ಮದ್ದನ್ನು ಹೊತ್ತವರಿಗೂ ಹೊತ್ತುದಕ್ಕೂ ಸಲ್ಲತಕ್ಕುದು.