ರೋವರ್ಸ್ ಕಪ್ ಮತ್ತು ಬೆಂಗಳೂರು

ಓವಲ್ ಮೈದಾನ ದಾಟಿ ದಕ್ಷಿಣಕ್ಕೆ ನಡೆದರೆ, ಫೋರ್ಟಿನ ಅಂಚಿನಲ್ಲಿ ಕೂಪರೇಜ್ ಕ್ರೀಡಾಂಗಣ. ರೋವರ್ಸ್ ಕಪ್ಪಿನ ಹಳೆಯ ಮನೆ.

ಮುಂಬಯಿ ಕನ್ನಡಿಗರಲ್ಲಿ ಫುಟ್‌ಬಾಲಿನ ಮಾತೆದ್ದರೆ ಎಲ್ಲರೂ ಮೆಲುಕು ಹಾಕುವುದು 2023ರ ಮಾರ್ಚ್ 12ರ ಐಎಸ್‌ಎಲ್ ಉಪಾಂತ್ಯವನ್ನು. ಬೆಂಗಳೂರು ಎಫ್‌ಸಿ ಪೆನಾಲ್ಟಿಯಲ್ಲಿ 9–8ರಿಂದ ಮುಂಬಯಿ ಸಿಟಿಯನ್ನು ಮಣಿಸಿತು. ಅನ್ನ ಕೊಟ್ಟ ಊರು ಸೋತಿತೆಂದು ಮರುಗಬೇಕೋ, ತವರಿನವರು ಗೆದ್ದರೆಂದು ಹಿಗ್ಗಬೇಕೋ ತಿಳಿಯದ ರಾತ್ರಿ ಅದು! ಅದಕ್ಕಿಂತ ದೊಡ್ಡ ಗೆಲುವೊಂದು ಮಾತ್ರ ನಮ್ಮ ನೆನಪಿನಿಂದ ಜಾರಿಹೋಗಿದೆ.

1891ರಲ್ಲಿ ಆರಂಭವಾದ ರೋವರ್ಸ್ ಕಪ್ಪನ್ನು 1936ರವರೆಗೂ ಗೆದ್ದವು ಬ್ರಿಟಿಷ್ ಸೇನಾ ತಂಡಗಳೇ. 1923ರ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ಕೂಡ ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ 1–4ರಿಂದ ಸೋತಿತ್ತು. 1937ರಲ್ಲಿ ಆ ಸಾಲನ್ನು ಮುರಿದದ್ದು ಬೆಂಗಳೂರು ಮುಸ್ಲಿಮ್ಸ್. ಎದುರಿಗಿದ್ದದ್ದು, 1934ರಿಂದ ಕಲಕತ್ತಾ ಲೀಗನ್ನು ಯಾರಿಗೂ ಬಿಟ್ಟುಕೊಡದ ಮೊಹಮ್ಮಡನ್ ಸ್ಪೋರ್ಟಿಂಗ್, ಫಲಿತಾಂಶ 1–0. ಮರುವರ್ಷ ಆರ್ಗೈಲ್ ಮತ್ತು ಸದರ್ಲೆಂಡ್ ಹೈಲ್ಯಾಂಡರ್ಸ್ ಪಡೆಯನ್ನೇ 3–2ರಿಂದ ಸೋಲಿಸಿ ಕಪ್ ಉಳಿಸಿಕೊಂಡರು.

2023ರ ಒದೆತಗಳನ್ನು ಮೊಬೈಲಿನಲ್ಲಿ ಎಷ್ಟು ಸಲವಾದರೂ ನೋಡಬಹುದು. 1937ರದ್ದನ್ನು ಹಿರಿಯರು ಹೇಳಿ, ಕಿರಿಯರು ಕೇಳಿಯೇ ಉಳಿಸಬೇಕಿತ್ತು. ನಮ್ಮ ಮನೆಗಳಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಲಕತ್ತೆಯವರು ಮರೆತಿರಲಿಲ್ಲ: 1940ರ ಅಂತಿಮ ಪಂದ್ಯದಲ್ಲಿ ಅದೇ ಬೆಂಗಳೂರನ್ನು ಅದೇ 1–0ರಿಂದ ಸೋಲಿಸಿ ಕಪ್ ಒಯ್ದರು.